ಪಾಪಿ ಚಿರಾಯು, ಕ್ರಿ.ಶ. 1350

ಒಂದು ಪದ ಎರಡು ವರ್ಷದಿಂದ ನನ್ನ ಬೆನ್ನು ಬಿಟ್ಟಿಲ್ಲ. ಪೆಸ್ಸಿಮಾ. ಲ್ಯಾಟಿನ್ ಪದ. ನನಗೆ ಲ್ಯಾಟಿನ್ ಬರುವುದಿಲ್ಲ. ಬರುವುದು ಒಂದಿಷ್ಟು ಸಂಸ್ಕೃತ, ಅದೂ ಹೈಸ್ಕೂಲಿನಲ್ಲಿ 125ಕ್ಕೆ 120 ಗ್ಯಾರಂಟಿ ಅಂತ ಯಾರೋ ಹೇಳಿದ್ದಕ್ಕೆ ತೆಗೆದುಕೊಂಡಿದ್ದು. ಆದರೂ ಈ ಪದ ಪಾತ್ರೆ ತೊಳೆಯುವಾಗ, ಮೀಟಿಂಗಿನಲ್ಲಿ ಮ್ಯೂಟ್ ಮಾಡಿಕೊಂಡು ಕೂತಾಗ, ಸುಮ್ನೆ ಬಂದು ನಿಲ್ಲುತ್ತದೆ. ಇಂಗ್ಲೆಂಡಿನ ಆಶ್‌ವೆಲ್ ಅನ್ನುವ ಹಳ್ಳಿಯ ಸೇಂಟ್ ಮೇರಿ ಚರ್ಚಿನಲ್ಲಿ, ಗೋಪುರದ ಒಳಗೋಡೆಯ ಮೇಲೆ, ಯಾರೋ ಅದನ್ನು ಮೊನಚಾದ ಯಾವುದರಿಂದಲೋ ಗೀಚಿದ್ದಾರೆ. ಗೀಚಿ ಆರೂವರೆ ಶತಮಾನ ದಾಟಿದೆ.

ಕೇಂಬ್ರಿಜ್ ಹತ್ತಿರ ಬಂದು ನೆಲೆಸಿ ಒಂಬತ್ತು ವರ್ಷವಾಯಿತು. ಇಲ್ಲಿ ಯಾವ ದಿಕ್ಕಿಗೆ ಹೋದರೂ ಎರಡು ಮೂರು ಮೈಲಿಗೊಂದು ಹಳೇ ಚರ್ಚು ಸಿಗುತ್ತದೆ. ಮೊದಮೊದಲು ಪ್ರತಿಯೊಂದಕ್ಕೂ ನಿಂತು ಫೋಟೋ ತೆಗೆಯುತ್ತಿದ್ದೆ. ಆಮೇಲೆ ಅಭ್ಯಾಸವಾಗಿ ಹೋಯಿತು. ಬಸ್ಸಿನಲ್ಲಿ ಹೋಗುವಾಗ ಆಂಜನೇಯನ ಗುಡಿ ಕಂಡರೆ ಕೈ ತಾನಾಗಿ ಎದೆ ಮುಟ್ಟಿ ಕೆಳಗಿಳಿಯುತ್ತದಲ್ಲ, ಕಣ್ಣು ಮೊಬೈಲಿನಲ್ಲೇ ಇರುತ್ತದೆ, ಹಾಗೆ. ಆಶ್‌ವೆಲ್‌ಗೂ ನಾನು ಚರ್ಚು ನೋಡಲು ಹೋದವನಲ್ಲ. ಒಂದು ಶನಿವಾರ ಮನೆಯಲ್ಲಿ ಕೂರಲಾಗದೆ ರೈಲು ಹತ್ತಿದೆ. ಆ ಹೆಸರಿನ ಸ್ಟೇಷನ್ನಿನಲ್ಲಿ ಇಳಿದರೆ ಊರು ಅಲ್ಲಿಂದ ಎರಡು ಮೈಲಿ. ಸ್ಟೇಷನ್ನಿಗೆ ಇಟ್ಟಿರುವುದು ಊರಿನ ಹೆಸರು, ಸ್ಟೇಷನ್ ಇರುವುದು ಪಕ್ಕದ ಕೌಂಟಿಯಲ್ಲಿ. ನಮ್ಮ ಕಡೆ ರೋಡ್ ಅಂತ ಸೇರಿಸಿದ ಸ್ಟೇಷನ್ನುಗಳಿರುತ್ತವಲ್ಲ, ಇಳಿದ ಮೇಲೆ ಆ ರೋಡು ಎಷ್ಟು ಉದ್ದ ಅಂತ ಗೊತ್ತಾಗುವುದು. ಇದೂ ಅದೇ ಜಾತಿ.

## ಸೀಮೆಸುಣ್ಣದ ಗೋಪುರ

ಗೋಧಿ ಹೊಲಗಳ ನಡುವೆ ನಡೆಯುತ್ತಾ ಹೋದರೆ ಊರಿಗಿಂತ ಮೊದಲು ಗೋಪುರ ಕಾಣುತ್ತದೆ. 176 ಅಡಿ. ನಮ್ಮ ಅಪಾರ್ಟ್‌ಮೆಂಟಿನ ಲೆಕ್ಕದಲ್ಲಿ ಹದಿನಾರು ಮಹಡಿ. ಅದರ ತಲೆಯ ಮೇಲೆ ಎಂಟು ಮೂಲೆಯ ಒಂದು ಸಣ್ಣ ಮಂಟಪ, ಅದರ ಮೇಲೆ ಸೀಸ ಹೊದಿಸಿದ ಚೂಪು ಕಡ್ಡಿ. ಹರ್ಟ್‌ಫರ್ಡ್‌ಶೈರ್ ಕಡೆಯ ಚರ್ಚುಗಳಿಗೆಲ್ಲ ಈ ಕಡ್ಡಿ ಒಂದು ಗುರುತು. ಆದರೆ ಇಷ್ಟು ಸಣ್ಣ ಊರಿಗೆ ಇಷ್ಟೆತ್ತರದ ಗೋಪುರ ಯಾಕೆ ಬೇಕಿತ್ತು ಅಂತ ಯಾರಿಗಾದರೂ ಅನ್ನಿಸುತ್ತದೆ. ಊರು ಆಗ ಸಣ್ಣದಿರಲಿಲ್ಲ. 1086ರಲ್ಲಿ ವಿಲಿಯಂ ದೊರೆ ಮಾಡಿಸಿದ ಡೂಮ್ಸ್‌ಡೇ ಲೆಕ್ಕದಲ್ಲಿ ಆಶ್‌ವೆಲ್ ಸಂತೆ ನಡೆಯುವ ಪೇಟೆ. ಊರಿನ ಒಡೆಯರು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಆ್ಯಬಿಯ ಸನ್ಯಾಸಿಗಳು. ಆಮೇಲೆ ವ್ಯಾಪಾರ ಬೇರೆ ಊರುಗಳಿಗೆ ಹರಿದುಹೋಯಿತು. ಗೋಪುರ ಇಲ್ಲೇ ನಿಂತಿತು. ನಮ್ಮಲ್ಲೂ ಅಗ್ರಹಾರ ಹೋಗಿ, ಸಂತೆ ಹೋಗಿ, ಬರೀ ದೊಡ್ಡ ದೇವಸ್ಥಾನ ಉಳಿದ ಹಳ್ಳಿಗಳು ಎಷ್ಟಿಲ್ಲ.

ಹತ್ತಿರ ಹೋಗಿ ಕಲ್ಲಿನ ಮೇಲೆ ಬೆರಳು ಆಡಿಸಿದೆ. ಬೆರಳಿಗೆ ಬಿಳಿ ಹತ್ತಿತು. ಈ ಕಲ್ಲಿಗೆ ಇಲ್ಲಿನವರು ಕ್ಲಂಚ್ ಅನ್ನುತ್ತಾರೆ. ಕ್ಲಂಚ್ ಅಂದರೆ ಗಟ್ಟಿ ಸೀಮೆಸುಣ್ಣ, ಅಷ್ಟೇ. ನನಗೆ ನಗು ಬಂತು. ಸೀಮೆಎಣ್ಣೆ, ಸೀಮೆಬದನೆ, ಸೀಮೆಹಸು ಅಂತ ಚಿಕ್ಕಂದಿನಿಂದ ಹೇಳುತ್ತಾ ಬೆಳೆದವನು ಸೀಮೆಗೇ ಬಂದು ಸೀಮೆಸುಣ್ಣದಲ್ಲಿ ಕಟ್ಟಿದ ದೇವಸ್ಥಾನದ ಮುಂದೆ ನಿಂತಿದ್ದೆ! ಕ್ಲಂಚ್ ಕೆತ್ತಲು ಸುಲಭ. ಹೊಯ್ಸಳರ ಬಳಪದ ಕಲ್ಲಿನ ಹಾಗೆ ಉಳಿ ತಾಗಿದ ಕಡೆ ಬಗ್ಗುತ್ತದೆ. ಆದರೆ ಬಳಪದ ಕಲ್ಲು ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತಾ ಹೋಗುತ್ತದೆ, ಇದಕ್ಕೆ ಆ ಭಾಗ್ಯ ಇಲ್ಲ. ಮಳೆ, ಹಿಮ ಎರಡೂ ಇದನ್ನು ತಿನ್ನುತ್ತವೆ. ಹಾಗಾಗಿ ಹೊರಗೋಡೆ ತುಂಬ ಹಳೇ ರಿಪೇರಿ, ಅದರ ಮೇಲೆ ಹೊಸ ರಿಪೇರಿ. ಒಳಗೆ ಮಳೆ ತಾಗದ ಕಡೆ ಮಾತ್ರ ಕಲ್ಲು ಹೆಚ್ಚು ಕಡಿಮೆ ಹಾಗೇ ಇದೆ. ಬಳಪದಷ್ಟು ಮೆತ್ತಗಿರುವ, ಮಳೆ ತಾಗದ, ನುಣುಪಾದ ಗೋಡೆ. ಗೀಚುವವರಿಗೆ ಇನ್ನೇನು ಬೇಕು?

ಒಳಗಿನ ವಿಷಯ ಬೇಗ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಹಳೇ ಪ್ಯಾರಿಶ್ ಚರ್ಚಿನ ನಕ್ಷೆ ನಮಗೆ ತೀರಾ ಅಪರಿಚಿತ ಏನಲ್ಲ. ಪಶ್ಚಿಮಕ್ಕೆ ಗೋಪುರ, ಆಮೇಲೆ ಜನ ನಿಲ್ಲುವ ಉದ್ದನೆಯ ನೇವ್, ಪೂರ್ವದ ತುದಿಯಲ್ಲಿ ಪಾದ್ರಿ ಪೂಜೆ ಮಾಡುವ ಚಾನ್ಸೆಲ್. ನವರಂಗ ದಾಟಿ ಗರ್ಭಗುಡಿಗೆ ಹೋದ ಹಾಗೆ. ನನಗೆ ಇಷ್ಟವಾದದ್ದು ಖರ್ಚಿನ ಲೆಕ್ಕ. ಚಾನ್ಸೆಲ್ ಸೋರಿದರೆ ರಿಪೇರಿ ಮಾಡಿಸಬೇಕಾದ್ದು ರೆಕ್ಟರ್, ಅಂದರೆ ಊರಿನ ಬೆಳೆಯಲ್ಲಿ ಹತ್ತರಲ್ಲಿ ಒಂದು ಪಾಲು ಪಡೆಯುವವನು. ನೇವ್ ಸೋರಿದರೆ ಊರಿನವರು. ಹದಿಮೂರನೇ ಶತಮಾನದಿಂದಲೂ ಅಲ್ಲಿ ನಡೆದು ಬಂದ ಪದ್ಧತಿ ಇದು. ಎಷ್ಟೋ ಊರುಗಳಲ್ಲಿ ಚಾನ್ಸೆಲ್ ಗಿಡ್ಡ, ನೇವ್ ಮಾತ್ರ ಅರಮನೆಯ ಹಾಗೆ ಇರುವುದಕ್ಕೆ ಇದೂ ಒಂದು ಕಾರಣ. ನೇವ್ ಊರಿನವರದು. ಅಲ್ಲೇ ಪಂಚಾಯ್ತಿ, ಅಲ್ಲೇ ಚರ್ಚಿಗೆ ದುಡ್ಡು ಕೂಡಿಸಲು ಬಿಯರ್ ಮಾರುವ ಹಬ್ಬ. ಆಗ ಕೂರಲು ಬೆಂಚುಗಳೂ ಜಾಸ್ತಿ ಇರಲಿಲ್ಲ. ಗೋಡೆಯ ಪಕ್ಕದ ಕಲ್ಲಿನ ಜಗಲಿ ವಯಸ್ಸಾದವರಿಗೆ, ಉಳಿದವರು ನಿಂತೇ ಇರಬೇಕು. ಆಶ್‌ವೆಲ್‌ನ ನೇವ್‌ನಲ್ಲಿ ಈಗ ಮೊದಲು ಕಾಣುವುದು ಬೆಳಕು. ಕಿಟಕಿಗಳ ಬಣ್ಣದ ಗಾಜು ಯಾವಾಗಲೋ ಹೋಗಿದೆ, ಗೋಡೆಯ ಬಣ್ಣವೂ ಹೋಗಿದೆ. ಬೋಳು ಬಿಳಿ ಕಲ್ಲು, ಬಿಳಿ ಬಿಸಿಲು. ಚಿತ್ರಾನ್ನಕ್ಕೆ ಒಗ್ಗರಣೆ ಹಾಕುವುದನ್ನು ಮರೆತ ಹಾಗೆ, ಅನ್ನಿಸಿತು ಮೊದಲು. ಈಗ ಹಾಗನ್ನಿಸುವುದಿಲ್ಲ.

## ಕೈವಾರದ ಮೊನೆ

ಏಳನೇ ಕ್ಲಾಸಿನಲ್ಲಿ ನಮ್ಮೂರಿನ ಹತ್ತಿರದ ಒಂದು ಹಳೇ ಗುಡಿಯ ಕಂಬದ ಮೇಲೆ ಕೈವಾರದ ಮೊನೆಯಿಂದ ನನ್ನ ಹೆಸರು ಗೀಚಿದ್ದೆ. ಹೆಸರಿನ ಪಕ್ಕ ಇಸವಿ. ಇಸವಿ ಹಾಕಬೇಕು ಅಂತ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ, ಗೀಚುವವರೆಲ್ಲ ಹಾಕುತ್ತಾರೆ. ಅಜ್ಜನಿಗೆ ಗೊತ್ತಾಗಿ ಕಿವಿ ಹಿಂಡಿಕೊಂಡು ಅದೇ ಕಂಬದ ಹತ್ತಿರ ಕರೆದುಕೊಂಡು ಹೋದರು. "ಇದನ್ನ ಕೆತ್ತಿದವನು ತನ್ನ ಹೆಸರು ಹಾಕ್ಕೊಂಡಿದಾನೇನೋ? ನೀನು ಯಾವ ದೊಡ್ಡ ಮನುಷ್ಯ?" ಅಂದರು. ಅಜ್ಜನಿಗೆ ಮಲ್ಲಿತಮ್ಮನ ವಿಷಯ ಗೊತ್ತಿರಲಿಲ್ಲ ಅನ್ನಿಸುತ್ತದೆ. ಹೊಯ್ಸಳರ ಶಿಲ್ಪಿಗಳು ವಿಗ್ರಹದ ಪೀಠದ ಮೇಲೆ ಧಾರಾಳವಾಗಿ ಹೆಸರು ಹಾಕಿಕೊಂಡಿದ್ದಾರೆ. ಆದರೆ ಅಜ್ಜ ಕೇಳಿದ ಪ್ರಶ್ನೆ ಸರಿಯಾಗಿತ್ತು. ಆ ಗೀಚು ಇವತ್ತಿಗೂ ಅಲ್ಲಿದೆ. ಊರಿಗೆ ಹೋದಾಗ ಆ ಕಡೆ ಹೋಗುವುದಿಲ್ಲ.

ಹಾಗಾಗಿ ಆಶ್‌ವೆಲ್‌ನ ಕಂಬಗಳನ್ನು ನೋಡಿದಾಗ ನನ್ನ ಮೊದಲ ಭಾವನೆ ಒಂದು ರೀತಿಯ ಸಮಾಧಾನ. ಇಲ್ಲೂ ನಮ್ಮಂಥವರಿದ್ದರು! ಆದರೆ ಸುಮ್ನೆ ನೋಡಿದರೆ ಏನೂ ಕಾಣುವುದಿಲ್ಲ. ಮೊಬೈಲಿನ ಟಾರ್ಚನ್ನು ನೇರವಾಗಿ ಬಿಟ್ಟರೆ ಕಲ್ಲು ಇನ್ನಷ್ಟು ಬೋಳಾಗುತ್ತದೆ. ಟಾರ್ಚನ್ನು ಗೋಡೆಗೆ ಹತ್ತಿರ ತಂದು, ಬೆಳಕು ಓರೆಯಾಗಿ ಕಲ್ಲನ್ನು ಸವರಿಕೊಂಡು ಹೋಗುವ ಹಾಗೆ ಹಿಡಿಯಬೇಕು. ಆಗ ಅಕ್ಷರಗಳು ಒಂದೊಂದಾಗಿ ನೆರಳು ಕಟ್ಟಿಕೊಂಡು ಮೇಲೇಳುತ್ತವೆ. ಕೈ ಸ್ವಲ್ಪ ಅಲುಗಿದರೆ ಮತ್ತೆ ಮುಳುಗುತ್ತವೆ.

ಒಂದು ಕಂಬದ ಮೇಲೆ ಲ್ಯಾಟಿನ್ನಿನಲ್ಲಿ ಒಂದು ತಕರಾರು. ಮೂಲೆಗಳು ಸರಿಯಾಗಿ ಕೂಡಿಲ್ಲ, ಥೂ, ಉಗಿಯುತ್ತೇನೆ ಅಂತ. ಕಟ್ಟಡದ ಕೆಲಸ ನೋಡಿಕೊಂಡವನದೋ, ಪಕ್ಕದ ಕಂಬದ ಮೇಸ್ತ್ರಿಯದೋ ಇರಬೇಕು. ಬೆಂಗಳೂರಿನಲ್ಲಿ ಮನೆ ಕಟ್ಟಿಸಿದ ಯಾರಿಗಾದರೂ ಈ ಸಾಲು ಓದಿದರೆ ಕಣ್ಣು ತುಂಬಿ ಬರುತ್ತದೆ. ಇನ್ನೊಂದು ಕಡೆ, ಆರ್ಚ್‌ಡೀಕನ್ ಒಬ್ಬ ಕತ್ತೆ ಅಂತ ಬರೆದಿದೆ. ಆರ್ಚ್‌ಡೀಕನ್ ಅಂದರೆ ಊರೂರು ತಿರುಗಿ ಚರ್ಚಿನ ಲೆಕ್ಕಪತ್ರ, ಜನರ ನಡತೆ ಎರಡನ್ನೂ ತಪಾಸಣೆ ಮಾಡಿ ದಂಡ ಹಾಕುವ ಸಾಹೇಬರು. ಸಾಹೇಬರು ಬಂದು ಹೋದ ಸಂಜೆ ಬರೆದಿರಬೇಕು. ಮತ್ತೊಂದು ಕಡೆ ಗಾದೆ: ಜಾಣತನ ಮುಟ್ಟಿದ್ದನ್ನೆಲ್ಲ ಕುಡಿತ ಮುರಿಯುತ್ತದೆ. ಇದನ್ನು ಕುಡಿಯದವನು ಬರೆದನೋ, ಕುಡಿದು ಬಿಟ್ಟವನೋ ಅಂತ ನನಗೆ ಕುತೂಹಲ.

ಚರ್ಚಿನ ಗೋಡೆಯ ಮೇಲೆ ಇದನ್ನೆಲ್ಲ ಬರೆಯಲು ಧೈರ್ಯ ಹೇಗೆ ಬಂತು? ಆ ಕಾಲಕ್ಕೆ ಅದು ಅಷ್ಟು ದೊಡ್ಡ ತಪ್ಪಾಗಿರಲಿಲ್ಲ ಅನ್ನುವುದು ಇದನ್ನು ಹುಡುಕಿಕೊಂಡು ತಿರುಗಿದವರ ಅಭಿಪ್ರಾಯ. ಗೋಡೆಗಳು ಆಗ ಬೋಳಾಗಿರಲಿಲ್ಲ, ಬಣ್ಣ ಬಳಿದಿರುತ್ತಿದ್ದರು. ಕೆಂಪು, ಹಳದಿ ಬಣ್ಣದ ಮೇಲೆ ಗೀಚಿದರೆ ಒಳಗಿನ ಬಿಳಿ ಕಲ್ಲು ಎದ್ದು ಕಾಣುತ್ತದೆ. ಸ್ಲೇಟಿನ ಮೇಲೆ ಬಳಪದ ಹಾಗೆ. ಕದ್ದು ಬರೆಯುವ ಮಾತೇ ಇಲ್ಲ, ಎಲ್ಲರಿಗೂ ಕಾಣುತ್ತಿತ್ತು. ಅಳಿಸಬೇಕು ಅಂತ ಯಾರಿಗೂ ಅನ್ನಿಸಲಿಲ್ಲ. ಹರಕೆಯ ಹಡಗು, ದುಷ್ಟಶಕ್ತಿ ಓಡಿಸುವ ಚಕ್ರ, ಅಂಗೈಯ ಗೆರೆ, ಇಂಗ್ಲೆಂಡಿನ ಚರ್ಚುಗಳ ತುಂಬ ಇಂಥವು ಇವೆ. ಆಮೇಲೆ ಹದಿನಾರನೇ ಶತಮಾನದಲ್ಲಿ ಧರ್ಮದ ಗಲಾಟೆ ಎದ್ದು ಸಂತರ ಚಿತ್ರಗಳ ಮೇಲೆ ಸುಣ್ಣ ಬಳಿದರು, ಮೂರ್ತಿಗಳನ್ನು ಒಡೆದರು, ಬಣ್ಣದ ಗಾಜು ತೆಗೆದರು. ದುಡ್ಡು ಕೊಟ್ಟು ಮಾಡಿಸಿದ್ದೆಲ್ಲ ಹೋಯಿತು. ಪುಕ್ಕಟೆ ಗೀಚಿದ್ದು ಉಳಿಯಿತು.

ಗೋಪುರದ ಒಳಗೋಡೆಯ ಮೇಲೆ ಒಂದು ದೊಡ್ಡ ಚರ್ಚಿನ ಚಿತ್ರವೂ ಇದೆ. ಕಿಟಕಿ, ಆನೆಕಟ್ಟಿನಂಥ ಆಧಾರದ ಗೋಡೆ, ಎತ್ತರದ ಶಿಖರ, ಎಲ್ಲ ಗೆರೆಯಲ್ಲೇ. ಲಂಡನ್ನಿನ ಹಳೇ ಸೇಂಟ್ ಪಾಲ್ಸ್ ಅಂತ ಹೆಚ್ಚಿನವರು ಹೇಳುತ್ತಾರೆ. ಆ ಶಿಖರ 1561ರಲ್ಲಿ ಸಿಡಿಲಿಗೆ ಹೋಯಿತು, ಉಳಿದದ್ದು 1666ರ ಬೆಂಕಿಗೆ. ಆಶ್‌ವೆಲ್‌ನ ಈ ಪುಣ್ಯಾತ್ಮ ಅದನ್ನು ಇನ್ನೂ ನಿಂತಿರುವಾಗ ನೋಡಿ ಬಂದವನು. ಊರಿಗೆ ಬಂದು "ಎಷ್ಟು ದೊಡ್ಡದಿತ್ತು ಗೊತ್ತಾ" ಅಂತ ಗೋಡೆಯ ಮೇಲೆ ತೋರಿಸಿದ್ದಾನೆ.

ಆ ಚಿತ್ರದ ಹತ್ತಿರವೇ ಆ ಸಾಲುಗಳಿವೆ.

## ಗಷ್ಟು

ಸಾಲು ಶುರುವಾಗುವುದು ಲೆಕ್ಕದಿಂದ. ಎಂ, ಸಿ ಮೂರು ಸಲ, ಎಕ್ಸ್ ಐದು ಸಲ. ಸಾವಿರ, ಮುನ್ನೂರು, ಐವತ್ತು. ಇಸವಿಯನ್ನು ನೇರವಾಗಿ ಬರೆಯದೆ ಪದ್ಯದಲ್ಲಿ ಕೂರಿಸಿದ್ದಾನೆ. ನಮ್ಮ ಶಾಸನಗಳಲ್ಲಿ ಬಾಣ ಅಂದರೆ ಐದು, ಗಗನ ಅಂದರೆ ಸೊನ್ನೆ ಅಂತ ಶಕವರ್ಷ ಹೇಳುತ್ತಾರಲ್ಲ, ಆ ಚಾಳಿಯೇ. ಓದು ಬರಹ ಬಲ್ಲವನು, ಪಾದ್ರಿಯೋ ಅವನ ಕೈಕೆಳಗಿನವನೋ ಇರಬೇಕು. ಆಮೇಲೆ ಮೂರು ಪದ: ಮಿಸೆರಾಂಡಾ, ಫೆರಾಕ್ಸ್, ವಯೊಲೆಂಟಾ. ಅಯ್ಯೋ ಅನ್ನಿಸುವಂಥದ್ದು, ಕ್ರೂರ, ಉಗ್ರ. ಪ್ಲೇಗ್ ಬಂದ ವರ್ಷದ ಬಣ್ಣನೆ. ಅದಾದ ಮೇಲೆ ನನ್ನ ಪದ ಇರುವ ಸಾಲು: ಸೂಪೆರೆಸ್ಟ್ ಪ್ಲೆಬ್ಸ್ ಪೆಸ್ಸಿಮಾ ಟೆಸ್ಟಿಸ್. ಸಾಕ್ಷಿ ಹೇಳಲು ಉಳಿದಿರುವುದು ಪೆಸ್ಸಿಮಾ ಜನ.

ಕೊನೆಯಲ್ಲಿ ಗಾಳಿ. 1361ರಲ್ಲಿ, ಮೌರುಸ್ ಸಂತನ ದಿನ, ಲೋಕವೆಲ್ಲ ಗುಡುಗುವಂಥ ಗಾಳಿ ಬೀಸಿತು ಅಂತ. ಇದು ನಡೆದದ್ದು ನಮ್ಮ ಈಗಿನ ಲೆಕ್ಕದಲ್ಲಿ 1362ರ ಜನವರಿ 15. ನಾರ್ವಿಚ್ ಕ್ಯಾಥೆಡ್ರಲ್‌ನ ಶಿಖರವನ್ನು ಉರುಳಿಸಿದ್ದು ಇದೇ ಗಾಳಿ. ಸಮುದ್ರದ ಆಚೆ ಹಾಲೆಂಡ್, ಜರ್ಮನಿಯ ದಡಗಳಲ್ಲಿ ಊರೂರೇ ನೀರಿಗೆ ಹೋದವು. ಇವನು 1361 ಅಂತ ಬರೆದದ್ದು ತಪ್ಪೇನಲ್ಲ. ಆಗ ಇಂಗ್ಲೆಂಡಿನಲ್ಲಿ ವರ್ಷ ಬದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹೆಚ್ಚು ಕಡಿಮೆ ನಮ್ಮ ಯುಗಾದಿಯ ಹೊತ್ತಿಗೆ. ಇದು ಗೊತ್ತಾದಾಗ ಆ ಊರು ನನಗೆ ಸ್ವಲ್ಪ ಹತ್ತಿರದ್ದು ಅನ್ನಿಸಿತು, ಯಾಕೋ.

ಪ್ಲೇಗ್ ಇಂಗ್ಲೆಂಡಿಗೆ ಕಾಲಿಟ್ಟದ್ದು 1348ರ ಬೇಸಿಗೆಯಲ್ಲಿ, ದಕ್ಷಿಣದ ಡಾರ್ಸೆಟ್ ದಡದ ಒಂದು ಬಂದರಿನಿಂದ. ಎರಡು ವರ್ಷದೊಳಗೆ ದೇಶದ ಮೂರರಲ್ಲೊಂದು ಪಾಲು, ಕೆಲವರ ಲೆಕ್ಕದಲ್ಲಿ ಅರ್ಧ ಜನ ಹೋದರು. ಸಾಯುವವರ ಹತ್ತಿರ ಹೋಗಲೇಬೇಕಾದ ಕೆಲಸ ಪಾದ್ರಿಗಳದು. ಬಾಥ್ ಮತ್ತು ವೆಲ್ಸ್‌ನ ಬಿಷಪ್ 1349ರ ಜನವರಿಯಲ್ಲಿ ಒಂದು ಆಜ್ಞೆ ಕಳಿಸಿದರು. ಸಾಯುವಾಗ ಪಾಪ ಹೇಳಿಕೊಳ್ಳಲು ಪಾದ್ರಿ ಸಿಗದಿದ್ದರೆ ಯಾವ ಸಾಮಾನ್ಯನಿಗಾದರೂ ಹೇಳಿಕೊಳ್ಳಿ, ಯಾರೂ ಇಲ್ಲದಿದ್ದರೆ ಹೆಂಗಸಿಗಾದರೂ ಪರವಾಗಿಲ್ಲ, ಅಂತ. ಆ "ಹೆಂಗಸಿಗಾದರೂ" ಅನ್ನುವ ಮಾತಿನಲ್ಲೇ ಎಷ್ಟು ಗತಿಗೆಟ್ಟಿದ್ದರು ಅಂತ ಗೊತ್ತಾಗುತ್ತದೆ. 1361ರಲ್ಲಿ ಪ್ಲೇಗ್ ಮತ್ತೆ ಬಂತು. ಈ ಸಲ ಮಕ್ಕಳು ಜಾಸ್ತಿ ಸತ್ತರು. ಅದನ್ನು ಮಕ್ಕಳ ಪ್ಲೇಗ್ ಅಂತಲೇ ಕರೆದರು. ಅದರ ಬೆನ್ನಿಗೇ ಈ ಗಾಳಿ.

ಗೋಡೆ ಓದುವುದು ಅಂದರೆ ಅಕ್ಷರ ಓದುವುದಷ್ಟೇ ಅಲ್ಲ. ಸಾಲುಗಳು ಗೋಪುರದ ಬುಡದಲ್ಲಿವೆ ಅಂದರೆ ಆ ಹೊತ್ತಿಗೆ ಬುಡ ಎದ್ದಿತ್ತು ಅಂತಾಯಿತು. ಮೇಲಿನ ಮಹಡಿಗಳು ಆಮೇಲಿನವು. ಕೆಲಸದ ಆಳುಗಳೇ ಸತ್ತರೆ ಗೋಪುರ ಹೇಗೆ ಏಳುತ್ತದೆ? ಉಳಿದ ಆಳುಗಳು ಕೂಲಿ ಜಾಸ್ತಿ ಕೇಳಿದರು. 1351ರಲ್ಲಿ ಪಾರ್ಲಿಮೆಂಟು ಕಾನೂನು ತಂದು, ಪ್ಲೇಗಿಗೆ ಮೊದಲಿದ್ದ ಕೂಲಿಗೇ ದುಡಿಯಬೇಕು ಅಂದಿತು. ಕಾನೂನಿನಿಂದ ಕೂಲಿ ಇಳಿದದ್ದು ಎಲ್ಲಿ, ಯಾವ ಕಾಲದಲ್ಲಿ? ಈ ಕಾಲದಲ್ಲೇ ಚರ್ಚುಗಳ ಕಿಟಕಿಗಳು ಬಳ್ಳಿ ಹೂವಿನ ಬಳುಕು ಬಿಟ್ಟು ನೆಟ್ಟಗೆ ಸರಳು ನಿಲ್ಲಿಸಿದ ಹಾಗೆ ಆದವು. ಒಳ್ಳೆಯ ಶಿಲ್ಪಿಗಳೆಲ್ಲ ಸತ್ತದ್ದರಿಂದ ಹೀಗಾಯಿತು ಅಂತ ಒಂದು ಕಥೆ ಇದೆ. ಕೇಳಲು ಚೆನ್ನಾಗಿದೆ, ನಾನು ನಂಬುವುದಿಲ್ಲ. ಗ್ಲಾಸ್ಟರ್‌ನಲ್ಲಿ 1330ರ ದಶಕದಲ್ಲೇ ಆ ಶೈಲಿ ಶುರುವಾಗಿತ್ತು.

ಸರಿ, ಪೆಸ್ಸಿಮಾ. ಇಂಗ್ಲಿಷಿಗೆ ತಂದವರು ಒಬ್ಬೊಬ್ಬರು ಒಂದೊಂದು ರೀತಿ ತಂದಿದ್ದಾರೆ. ದಿಕ್ಕೆಟ್ಟ ಜನ ಅಂತ ಒಬ್ಬರು. ಜನರಲ್ಲಿ ತಳಕ್ಕೆ ಇಳಿದ ಗಸಿ ಅಂತ ಇನ್ನೊಬ್ಬರು. ಡಿಕಾಕ್ಷನ್ ಎಲ್ಲ ಇಳಿದ ಮೇಲೆ ಫಿಲ್ಟರಿನಲ್ಲಿ ಉಳಿಯುತ್ತದಲ್ಲ, ಗಷ್ಟು, ಅದು. ಆದರೆ ಪದದ ನೇರ ಅರ್ಥ ಇನ್ನೂ ಸರಳ: ಎಲ್ಲರಿಗಿಂತ ಕೆಟ್ಟವರು. ಉಳಿದಿರುವವರು ನಾವು, ಎಲ್ಲರಿಗಿಂತ ಕೆಟ್ಟವರು. ದಿಕ್ಕೆಟ್ಟ ಜನ ಅಂದರೆ ಅವರ ಮೇಲೆ ಕನಿಕರ ಬರುತ್ತದೆ. ಕೆಟ್ಟ ಜನ ಅಂದರೆ ಬೇರೆ ಮಾತು. ಬದುಕಿ ಉಳಿದವನು ದೇವರಿಗೆ ಥ್ಯಾಂಕ್ಸ್ ಹೇಳುವುದು ಬಿಟ್ಟು ತನ್ನನ್ನೇ ಯಾಕೆ ಬೈದುಕೊಂಡ? ಇದೇ ನನಗೆ ಬಗೆಹರಿಯದೆ ಉಳಿದದ್ದು.

ಅದೇ ಕಾಲಕ್ಕೆ ನಮ್ಮ ಕಡೆ ಬುಕ್ಕರಾಯನ ಆಳ್ವಿಕೆ. ಜೈನರಿಗೂ ವೈಷ್ಣವರಿಗೂ ಜಗಳ ಬಂದಾಗ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ರಾಜಿ ಮಾಡಿಸಿದ ಶ್ರವಣಬೆಳಗೊಳದ ಶಾಸನ 1368ರದ್ದು. ಎಂಥ ಚೆಂದದ ಶಾಸನ ಅದು. ಆದರೆ ಶಾಸನ ಬರೆಸುವುದು ಗೆದ್ದವರು, ಕೊಟ್ಟವರು, ತೀರ್ಪು ಹೇಳಿದವರು. ವೀರಗಲ್ಲುಗಳಲ್ಲಿ ಸಾಮಾನ್ಯರೂ ಇದ್ದಾರೆ, ತುರು ಕಾಯುತ್ತಾ ಸತ್ತವರು, ಹುಲಿಯ ಜೊತೆ ಹೋರಾಡಿ ಸತ್ತವರು. ಆದರೆ ಅವರು ವೀರರು. ಜ್ವರ ಬಂದು, ಕಂಕುಳಲ್ಲಿ ಗೆಡ್ಡೆ ಎದ್ದು, ಮೂರು ದಿನದಲ್ಲಿ ಸತ್ತವರಿಗೆ ನಿಲ್ಲಿಸಿದ ಕಲ್ಲನ್ನು ನಾನು ನೋಡಿಲ್ಲ. ಇಂಗ್ಲೆಂಡಿನಲ್ಲೂ ಹಾಗೇ. ಚರ್ಚಿನಲ್ಲಿ ಹುಟ್ಟು ಸಾವು ಬರೆದಿಡುವ ರಿಜಿಸ್ಟರ್ ಬಂದದ್ದೇ 1538ರಲ್ಲಿ. ಅದಕ್ಕೆ ಮೊದಲು ಬಡ ರೈತನ ಸಾವು ಕಾಗದಕ್ಕೆ ಬರುತ್ತಿದ್ದದ್ದು ಒಂದೇ ಕಾರಣಕ್ಕೆ. ಅವನು ಸತ್ತರೆ ಅವನ ಹಟ್ಟಿಯ ಒಳ್ಳೆಯ ಎತ್ತೋ ಹಸುವೋ ಊರ ಒಡೆಯನಿಗೆ ಸೇರಬೇಕು. ಗುಮಾಸ್ತ ಎತ್ತಿನ ಲೆಕ್ಕ ಬರೆಯುವಾಗ ಸತ್ತವನ ಹೆಸರು ಜೊತೆಗೆ ಬರುತ್ತದೆ. ಎತ್ತಿಲ್ಲದವನಿಗೆ ಆ ಸಾಲೂ ಕಷ್ಟ.

ಆಶ್‌ವೆಲ್‌ನ ಗೋಡೆಯಲ್ಲೂ ಸತ್ತವರ ಹೆಸರು ಒಂದೂ ಇಲ್ಲ. ಬರೆದವನ ಹೆಸರೂ ಇಲ್ಲ. ನಾನು ಕೈವಾರ ಹಿಡಿದು ಮೊದಲು ಬರೆದದ್ದು ನನ್ನ ಹೆಸರು.

## ಇಲಿ ಬಿದ್ದ ವರ್ಷ

ಎರಡನೇ ಸಲ ಹೋದದ್ದು ಅಮ್ಮನ ಜೊತೆ. ಅಮ್ಮ ಬೇಸಿಗೆಗೆ ಬಂದಿದ್ದಳು. ಲಂಡನ್ ನೋಡಿ ಆಗಿತ್ತು, ಮಂಡಿ ನೋವು ಶುರುವಾಗಿತ್ತು, ಹತ್ತಿರದಲ್ಲೇ ಎಲ್ಲಾದರೂ ಕರೆದುಕೊಂಡು ಹೋಗು ಅಂದಳು. ಕಾರಿನಲ್ಲಿ ಹೋದೆವು. ಚರ್ಚಿನ ಅಂಗಳದ ಬಾಗಿಲಲ್ಲಿ ಮರದ ಮಾಡು ಇರುವ ಹಳೇ ಗೇಟು. ಹೆಣ ತಂದವರು ಪಾದ್ರಿ ಬರುವ ತನಕ ಇಲ್ಲಿ ಇಳಿಸಿ ಕಾಯುತ್ತಿದ್ದರು ಅಂತ ನನ್ನ ಬಾಯಿಂದ ಬಂದುಬಿಟ್ಟಿತು. ಅಮ್ಮ ಅಲ್ಲೇ ನಿಂತಳು. ಸುತ್ತ ನೋಡಿದಳು. ಹುಲ್ಲಿನ ನಡುವೆ ವಾಲಿಕೊಂಡ ಸಮಾಧಿಯ ಕಲ್ಲುಗಳು.

"ಏನೋ ಇದು, ಸ್ಮಶಾನದೊಳಗೆ ದೇವಸ್ಥಾನ ಕಟ್ಟಿದಾರಾ?"

"ಇಲ್ಲಿ ಹಾಗೇ ಅಮ್ಮ."

"ನಮ್ಮೂರಲ್ಲಿ ಬೀದಿಲಿ ಹೆಣ ಇದ್ರೆ ಗುಡಿ ಬಾಗಿಲೇ ತೆಗೆಯಲ್ಲ."

ಆದರೂ ಒಳಗೆ ಬಂದಳು. ಚಪ್ಪಲಿ ಬಿಡಬೇಕಾ ಅಂತ ಕೇಳಿದಳು. ಬೇಡ ಅಂದರೂ ಬಾಗಿಲ ಪಕ್ಕ ಬಿಟ್ಟಳು. ಕಾಲುಚೀಲದಲ್ಲೇ ಆ ತಣ್ಣನೆಯ ನೆಲದ ಮೇಲೆ ನೇವ್ ಪೂರ್ತಿ ನಡೆದಳು. "ಗಾಳಿ ಬೆಳಕು ಚೆನ್ನಾಗಿದೆ, ನಮ್ಮ ದೇವಸ್ಥಾನದ ಹಾಗೆ ಕತ್ತಲೆ ಇಲ್ಲ" ಅಂದಳು. ದೇವರು ಎಲ್ಲಿ ಅಂತ ಹುಡುಕಿದಳು. ಮೂರ್ತಿ ಇರಬೇಕಾದ ಗೂಡು ಖಾಲಿ ಇದ್ದದ್ದು ನೋಡಿ, "ಪಾಪ" ಅಂದಳು.

ಗೋಪುರದ ಕೆಳಗೆ ಟಾರ್ಚು ಓರೆಯಾಗಿ ಹಿಡಿದು ಅಕ್ಷರ ತೋರಿಸಿದೆ. ಪದಪದವಾಗಿ ಅರ್ಥ ಹೇಳಿದೆ. ಪೆಸ್ಸಿಮಾ ಹತ್ತಿರ ಬಂದಾಗ ಎಡವಿದೆ. ದಿಕ್ಕೆಟ್ಟ ಜನ ಅನ್ನಲಾ, ಗಷ್ಟು ಅನ್ನಲಾ ಅಂತ ಯೋಚಿಸಿ, ಕೊನೆಗೆ "ಒಳ್ಳೆಯವರೆಲ್ಲ ಹೋದ್ರು, ಕೆಟ್ಟವರು ಉಳ್ಕೊಂಡ್ವಿ ಅಂತ ಬರ್ದಿದಾನೆ ಅಮ್ಮ, ಯಾಕೆ ಹಾಗೆ ಬರ್ದ ಅಂತ ಗೊತ್ತಾಗ್ತಿಲ್ಲ" ಅಂದೆ.

"ಗೊತ್ತಾಗದೇ ಇರಕ್ಕೆ ಏನಿದೆ? ಪಾಪಿ ಚಿರಾಯು ಅಂತ ಬರ್ದಿದಾನೆ. ನಮ್ಮಮ್ಮ ದಿನಾ ಅಂತಿದ್ದಿದ್ದು ಅದೇ ಅಲ್ವಾ."

ಹೌದಲ್ಲ. ಅಜ್ಜಿ ತೊಂಬತ್ತರ ಹತ್ತಿರ ಹೋಗುವ ತನಕ ಬದುಕಿದ್ದರು. ಯಾರಾದರೂ "ಗಟ್ಟಿಮುಟ್ಟಾಗಿದೀರ" ಅಂದರೆ ಸಾಕು, "ಪಾಪಿ ಚಿರಾಯು ಕಣಪ್ಪ" ಅಂತಿದ್ದರು. ನಾವೆಲ್ಲ ನಗುತ್ತಿದ್ದೆವು. ವಯಸ್ಸಾದವರು ಹೇಳುವ ಮಾತು ಅದು, ಎಲ್ಲರ ಮನೆಯಲ್ಲೂ ಒಬ್ಬರು ಹೇಳುತ್ತಾರೆ. ಅದರ ಹಿಂದೆ ಏನಾದರೂ ಇದೆ ಅಂತ ನನಗೆ ಹೊಳೆದೇ ಇರಲಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಅಮ್ಮ ಹೇಳಿದಳು. ಅಜ್ಜಿಗೆ ಆಗ ಎಂಟೋ ಒಂಬತ್ತೋ ವರ್ಷ. ತುಮಕೂರು ಸೀಮೆಯ ಹಳ್ಳಿ. ಮೊದಲು ಅಟ್ಟದಿಂದ ಇಲಿ ಬಿತ್ತಂತೆ. ಇಲಿ ಬಿತ್ತು ಅಂದರೆ ಊರು ಬಿಡು ಅಂತ ಎಲ್ಲರಿಗೂ ಗೊತ್ತು. ಪಾತ್ರೆ ಪಡಗ ಕಟ್ಟಿಕೊಂಡು ಹೊಲಕ್ಕೆ ಹೋಗಿ ಗುಡಿಸಲು ಹಾಕಿಕೊಂಡರು.

ಬೆಂಗಳೂರಿಗೆ ಪ್ಲೇಗ್ ಬಂದದ್ದು 1898ರಲ್ಲಿ, ಅದು ಎಲ್ಲರಿಗೂ ಗೊತ್ತು. ಅಲ್ಲಿ ಪ್ಲೇಗ್ ಮಾರಮ್ಮನ ಗುಡಿಗಳು ಈಗಲೂ ಇವೆ. ಆದರೆ ಹಳ್ಳಿಗಳಿಗೆ ಅದು ಆಮೇಲೂ ಎಷ್ಟೋ ವರ್ಷ, ಬಿಟ್ಟು ಬಿಟ್ಟು ಬರುತ್ತಲೇ ಇತ್ತು. ಗುಡಿಸಲಿಗೆ ಹೋದ ಮೇಲೆ ಅಜ್ಜಿ ಒಂದು ದಿನ ಯಾರಿಗೂ ಹೇಳದೆ ಊರೊಳಗಿನ ಮನೆಗೆ ಹೋದರಂತೆ. ಅಟ್ಟದ ಮೇಲೆ ಮರದ ಗೊಂಬೆ ಬಿಟ್ಟು ಬಂದಿದ್ದರು. ತಂದು ತಮ್ಮನಿಗೆ ಕೊಟ್ಟರು. ವಾರದೊಳಗೆ ತಮ್ಮನಿಗೆ ಜ್ವರ, ಅವನನ್ನು ನೋಡಿಕೊಂಡ ಅಕ್ಕನಿಗೂ ಜ್ವರ. ಇಬ್ಬರೂ ಹೋದರು. ಗೊಂಬೆ ತಂದವರಿಗೆ ಏನೂ ಆಗಲಿಲ್ಲ.

"ಗೊಂಬೆಯಿಂದಲೇ ಬಂತು ಅಂತ ಯಾರು ಹೇಳಕ್ಕಾಗುತ್ತೆ" ಅಂದೆ. ಚಿಗಟ, ಇಲಿ, ಅಂತ ಏನೋ ಶುರು ಮಾಡಿದೆ.

"ಅದೆಲ್ಲ ನಂಗೂ ಗೊತ್ತು ಕಣೋ. ಅವಳಿಗೆ ಯಾರು ಹೇಳಬೇಕಿತ್ತು?" ಅಂದಳು ಅಮ್ಮ.

ಸ್ವಲ್ಪ ದೂರ ಇಬ್ಬರೂ ಮಾತಾಡಲಿಲ್ಲ. ಹಿಂದಿನ ಕನ್ನಡಿಯಲ್ಲಿ ಗೋಪುರ ಇನ್ನೂ ಕಾಣುತ್ತಿತ್ತು. ಅವರ ಹೆಸರೇನು ಅಂತ ಕೇಳಿದೆ. ಅಕ್ಕನ ಹೆಸರು ಅಮ್ಮ ಹೇಳಿದಳು. ಅದು ನನ್ನ ತಂಗಿಯ ಹೆಸರು. ತಂಗಿಗೆ ಆ ಹಳೇ ಕಾಲದ ಹೆಸರು ಯಾಕಿಟ್ಟಿರಿ ಅಂತ ನಾವಿಬ್ಬರೂ ಸೇರಿ ಎಷ್ಟು ಸಲ ಅಮ್ಮನನ್ನು ಗೋಳು ಹೊಯ್ದುಕೊಂಡಿದ್ದೆವು. "ಅಜ್ಜಿ ಹಟ ಮಾಡಿದ್ರು, ಇಟ್ವಿ" ಅಂತ ಅಷ್ಟೇ ಹೇಳುತ್ತಿದ್ದಳು.

ತಮ್ಮನ ಹೆಸರು ಅಮ್ಮನಿಗೂ ಗೊತ್ತಿರಲಿಲ್ಲ. ಅಜ್ಜಿ ಹೇಳುವಾಗಲೆಲ್ಲ ಪಾಪು ಅಂತಲೇ ಹೇಳುತ್ತಿದ್ದರಂತೆ.

ಮನೆ ತಲುಪಿದ ಕೂಡಲೇ ಅಮ್ಮ ಸೀದಾ ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡಳು. ಉಟ್ಟ ಸೀರೆ ಬಕೆಟ್ಟಿನ ನೀರಿಗೆ ಬಿತ್ತು. ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಂದು, "ಸ್ಮಶಾನಕ್ಕೆ ಹೋಗಿ ಬಂದಿದೀವಿ, ನೀನೂ ಹಾಕ್ಕೋ" ಅಂದಳು. ಗೀಸರ್ ನೀರು ಅಷ್ಟರಲ್ಲಿ ಮುಗಿದಿತ್ತು. ತಣ್ಣೀರೇ ಹಾಕಿಕೊಂಡೆ.